ಒಥೆಲೊನ ಸಂಶಯ ರಕ್ತದಲ್ಲಿ ಬಂದದ್ದಲ್ಲ

ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಮಾತು ಬಂದಲ್ಲೆಲ್ಲ ಒಂದು ವಾದ ತಪ್ಪದೆ ಏಳುತ್ತದೆ. ಒಥೆಲೊ ಆಫ್ರಿಕಾದ ಮೂರ್ ಜನಾಂಗದವನು, ಬಿಸಿಲ ನಾಡಿನ ಬಿಸಿರಕ್ತ. ವೆನಿಸ್ಸಿನ ಸೇನಾಪತಿಯಾದರೇನು, ಹೆಂಡತಿಯ ವಿಷಯಕ್ಕೆ ಬಂದಾಗ ಹುಟ್ಟುಗುಣ ಹೊರಬಿತ್ತು ಎಂಬ ವಾದ. ನಾಟಕದಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳುವವನು ಒಥೆಲೊನನ್ನು ಕೆಡಿಸಲು ಹೊಂಚುವ ಅವನ ಕೈಕೆಳಗಿನ ಇಯಾಗೊ. ಅವನ ಮಾತನ್ನು ವಿಮರ್ಶೆಯೆಂದು ಒಪ್ಪಿಸುವವರಿಗೆ ಸ್ವಲ್ಪ ಮುಜುಗರವಾದರೂ ಆಗಬೇಕಿತ್ತು.

ಒಥೆಲೊ ಹೆಂಡತಿ ಡೆಸ್ಡಿಮೋನಾಳಿಗೆ ಕೊಟ್ಟಿದ್ದ ಕರವಸ್ತ್ರ ಕಳೆದ ಮೇಲೆ ಇಯಾಗೊನ ಹೆಂಡತಿ ಎಮಿಲಿಯಾ, ನಿಮ್ಮ ಯಜಮಾನರಿಗೆ ಸಂಶಯದ ಬುದ್ಧಿ ಇಲ್ಲವೇ ಎಂದು ಕೇಳುತ್ತಾಳೆ. ಅವರು ಹುಟ್ಟಿದ ನಾಡಿನ ಸೂರ್ಯನೇ ಅಂಥ ದೋಷಗಳನ್ನೆಲ್ಲ ಹೀರಿಕೊಂಡಿರಬೇಕು ಎಂಬುದು ಡೆಸ್ಡಿಮೋನಾಳ ಉತ್ತರ. ಬಿಸಿಲ ನಾಡಿನ ಆ ಹಳೆಯ ನಂಬಿಕೆಯನ್ನು ಶೇಕ್ಸ್‌ಪಿಯರ್ ಅವಳ ಬಾಯಲ್ಲೇ ತಿರುವಿಹಾಕಿದ್ದಾನೆ. ಅವಳ ಊಹೆ ಸುಳ್ಳಾಯಿತಲ್ಲ ಎನ್ನುವಿರಾ? ಸರಿ, ಉಳಿದವರನ್ನೂ ನೋಡಿ. ತನ್ನ ಹೆಂಡತಿಯನ್ನು ಒಥೆಲೊ ಕೂಡಿದ್ದಾನೆಂದು ಇಯಾಗೊನಿಗೆ ಗುಮಾನಿ. ಒಥೆಲೊನ ಸಹಾಯಕ ಅಧಿಕಾರಿ ಕ್ಯಾಸಿಯೊನ ಮೇಲೂ ಅದೇ ಗುಮಾನಿ, ಎರಡಕ್ಕೂ ಪುರಾವೆಯಿಲ್ಲ. ಕ್ಯಾಸಿಯೊನ ಬಳಿ ಅದೇ ಕರವಸ್ತ್ರ ಕಂಡು ಅವನ ಪ್ರೇಯಸಿ ಬಿಯಾಂಕಾ ಅವನ ಮೇಲೆ ಹರಿಹಾಯುತ್ತಾಳೆ. ಇವರಾರೂ ಮೂರರಲ್ಲ. ಶೇಕ್ಸ್‌ಪಿಯರನದೇ ಇನ್ನೊಂದು ನಾಟಕ ‘ದಿ ವಿಂಟರ್ಸ್ ಟೇಲ್’ನ ಲಿಯಾಂಟಿಸ್ ಅಂತೂ ಸಿಸಿಲಿಯ ರಾಜ. ಕಿವಿಯೂದಲು ಯಾವ ಇಯಾಗೊನೂ ಇಲ್ಲದೆ, ಮೊದಲ ಅಂಕದಲ್ಲೇ ತುಂಬು ಬಸುರಿ ಹೆಂಡತಿಯ ಮೇಲೆ ಸಂಶಯಪಟ್ಟ. ಅವನ ರಕ್ತದ ಬಿಸಿಯನ್ನು ಯಾರೂ ಅಳೆಯಲು ಹೋಗಲಿಲ್ಲ.

ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ ವಾದ: ಬಣ್ಣದ ಪ್ರಶ್ನೆ ಇಂದಿನವರು ಅಂಟಿಸಿದ್ದು, 1604ರ ನಾಟಕದಲ್ಲಿ ಅದಿಲ್ಲ. ಮೊದಲ ದೃಶ್ಯ ತೆರೆದರೆ ಸಾಕು. ಅಲ್ಲಿ ಒಥೆಲೊನ ಹೆಸರನ್ನು ಯಾರೂ ಎತ್ತುವುದಿಲ್ಲ. ಅವನು ಬರೀ ‘ಮೂರ್’, ದಪ್ಪ ತುಟಿಯವನು, ಕರಿ ಟಗರು. ಹೆಸರು ಕೇಳಿಬರುವುದು ಸೆನೆಟ್ ದೃಶ್ಯದಲ್ಲಿ, ಡ್ಯೂಕನ ಬಾಯಲ್ಲಿ. ಏಕೆಂದರೆ ತುರ್ಕರ ಹಡಗುಗಳು ಸೈಪ್ರಸ್ಸಿನತ್ತ ಹೊರಟಿವೆ, ಸೇನಾಪತಿ ಬೇಕಾಗಿದ್ದಾನೆ. ಡೆಸ್ಡಿಮೋನಾಳ ಅಪ್ಪ ಬ್ರಬಾನ್ಶಿಯೊ ಅವನನ್ನು ಮನೆಗೆ ಮತ್ತೆ ಮತ್ತೆ ಕರೆದು ಸಾಹಸದ ಕತೆ ಕೇಳುತ್ತಿದ್ದವನೇ. ಅಳಿಯನಾದ ಕೂಡಲೇ ಮಾಟಗಾರನೆಂದು ದೂರು ತಂದ.

ವಿಮರ್ಶಕ ಎಫ್. ಆರ್. ಲೀವಿಸ್ 1937ರಲ್ಲಿ ಎತ್ತಿದ ಆಕ್ಷೇಪ ಇವೆರಡಕ್ಕಿಂತ ಗಟ್ಟಿ. ಡೆಸ್ಡಿಮೋನಾ ಕ್ಯಾಸಿಯೊನನ್ನು ಕೂಡಿದ್ದಾಳೆಂಬ ಇಯಾಗೊನ ಮಾತಿಗೆ ಒಥೆಲೊ ಅಷ್ಟು ಬೇಗ ಬಿದ್ದನೆಂದರೆ ಕೇಡು ಅವನೊಳಗೇ ಇತ್ತು, ಅವನ ಪ್ರೀತಿಯೆಲ್ಲ ಆತ್ಮಪ್ರೇಮ ಎಂಬುದು ಅದರ ಸಾರ. ಬೇಗ ಬಿದ್ದದ್ದು ನಿಜ. ಆದರೆ ಯಾವ ಮಾತಿಗೆ ಬಿದ್ದ? ಹೆಂಡತಿ ಚೆಲುವೆ, ನಾಲ್ಕು ಜನರೊಡನೆ ಬೆರೆಯುವವಳು ಎಂದರೆ ಒಥೆಲೊ ಜಗ್ಗುವುದಿಲ್ಲ. ಕಂಡ ಮೇಲೆ ಸಂಶಯ, ಸಾಕ್ಷಿ ಸಿಕ್ಕ ಮೇಲೆ ತೀರ್ಮಾನ ಎನ್ನುತ್ತಾನೆ. ಆಗ ಇಯಾಗೊ ವರಸೆ ಬದಲಿಸುತ್ತಾನೆ: ನಮ್ಮೂರ ಹೆಂಗಸರ ಗುಣ ನನಗೆ ಚೆನ್ನಾಗಿ ಗೊತ್ತು, ಗಂಡಂದಿರಿಗೆ ತೋರಿಸಲಾರದ್ದನ್ನು ಅವರು ದೇವರಿಗೆ ಮಾತ್ರ ತೋರಿಸುತ್ತಾರೆ. ಒಥೆಲೊ ಕೇಳುವುದು ಒಂದೇ ಪ್ರಶ್ನೆ: ಹೌದಾ? ದಂಡಿನ ಬಿಡಾರದಲ್ಲಿ ಆಯಸ್ಸು ಕಳೆದವನಿಗೆ ವೆನಿಸ್ಸಿನ ಒಳಮನೆಯ ವಿಷಯ ಏನು ತಿಳಿದೀತು? ಊರಿನವನಾಗಿದ್ದರೆ ನಕ್ಕುಬಿಡುತ್ತಿದ್ದ. ಅಪ್ಪನಿಗೇ ಮೋಸ ಮಾಡಿದಳು, ತನ್ನ ನಾಡಿನ, ತನ್ನ ಬಣ್ಣದ ವರರನ್ನು ಒಲ್ಲೆನೆಂದಳು ಎಂದು ಇಯಾಗೊ ಒಂದೊಂದಾಗಿ ಪೋಣಿಸಿ ಹೊರಟಮೇಲೆ ಒಥೆಲೊ ಒಂಟಿಯಾಗಿ ಕಾರಣ ಹುಡುಕುತ್ತಾನೆ. ಅವನಿಗೆ ಮೊದಲು ಹೊಳೆಯುವುದು ತನ್ನ ಕಪ್ಪು ಬಣ್ಣ, ಆಮೇಲೆ ಒರಟು ಮಾತು, ವಯಸ್ಸು ಮೂರನೆಯದು. ಇದಕ್ಕೆ ಆತ್ಮಪ್ರೇಮ ಎಂದು ಹೆಸರಿಡಲು ನನಗೆ ಬಾಯಿ ಬರುವುದಿಲ್ಲ.

ಕರವಸ್ತ್ರದಂಥ ಕ್ಷುಲ್ಲಕ ವಸ್ತುವಿಗೆ ಕೊಲೆಯೇ ಎಂದು ವಿಮರ್ಶಕ ಥಾಮಸ್ ರೈಮರ್ 1693ರಲ್ಲೇ ಗೇಲಿ ಮಾಡಿದ್ದ. ಕರವಸ್ತ್ರ ಕಳೆಯುವ ವೇಳೆಗೆ ಒಥೆಲೊನ ನಂಬಿಕೆಗೆ ಬೇರೆ ಆಸರೆಯೇ ಉಳಿದಿರಲಿಲ್ಲ ಎಂಬುದಷ್ಟೇ ರೈಮರ್‌ಗೆ ಉತ್ತರ.

ಕಡೆಯ ಆಕ್ಷೇಪ ನಮ್ಮ ಕಾಲದ್ದು: ಕರಿಯ ಗಂಡ ಬಿಳಿ ಹೆಂಡತಿಯನ್ನು ಕೊಲ್ಲುವ ನಾಟಕವೇ ಜನಾಂಗದ್ವೇಷದ್ದು, ಆಡಬಾರದು. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಡೆಸ್ಡಿಮೋನಾಳ ಹೆಸರು ತನ್ನ ಮುಖದಷ್ಟೇ ಕರಿಯಾಯಿತೆಂದು ಒಥೆಲೊ ತಾನೇ ಹೇಳುವಾಗ ಇಯಾಗೊನ ಮಾತು ಅವನ ನಾಲಗೆಗೇ ಹತ್ತಿರುತ್ತದೆ. ಅದನ್ನು ಕೇಳಿ ಹಾಯಾಗಿ ಕೂರಲಾಗದು. ಆದರೆ ಅಮೆರಿಕದ ಕರಿಯ ನಟ ಪಾಲ್ ರೋಬ್ಸನ್ 1943ರಲ್ಲಿ ಬ್ರಾಡ್‌ವೇಯಲ್ಲಿ ಈ ಪಾತ್ರ ಮಾಡಿದಾಗ ನಾಟಕ 296 ಪ್ರದರ್ಶನ ಕಂಡಿತು. ಬಳಿಕ ಊರೂರು ಹೊರಟಾಗ, ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವ ರಂಗಮಂದಿರಗಳಲ್ಲಿ ಆಡುವುದಿಲ್ಲವೆಂದ. 1987ರಲ್ಲಿ, ದಕ್ಷಿಣ ಆಫ್ರಿಕಾದ ವರ್ಣಭೇದದ ಆಳ್ವಿಕೆಯಲ್ಲೇ, ಜೊಹಾನ್ಸ್‌ಬರ್ಗಿನ ಮಾರ್ಕೆಟ್ ಥಿಯೇಟರಿನಲ್ಲಿ ಜಾನೆಟ್ ಸುಜ್ಮನ್ ನಿರ್ದೇಶನದಲ್ಲಿ ಕರಿಯ ನಟ ಜಾನ್ ಕಾನಿ ಒಥೆಲೊ ಆದ. ಈ ನಾಟಕ ಬೇಡ ಎನ್ನುವವರು ಮೊದಲು ರೋಬ್ಸನ್, ಕಾನಿ ಇಬ್ಬರಿಗೂ ಉತ್ತರ ಹೇಳಲಿ.