ಕೆಂಪು ಬಾಳೆಗೆ ಬೆಲೆಯುಂಟು, ಕಮಲಾಪುರದ ನರ್ಸಮ್ಮನಿಗೇಕಿಲ್ಲ?

ಕಳೆದ ತಿಂಗಳು ರಕ್ತದೊತ್ತಡದ ತಪಾಸಣೆಗೆಂದು ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ತೋಳಿಗೆ ಪಟ್ಟಿ ಸುತ್ತುತ್ತಿದ್ದ ನರ್ಸ್ ನನ್ನ ಮುಖವನ್ನೇ ನೋಡಿ, "ಸರ್, ನನ್ನ ಗುರ್ತು ಹತ್ತಲಿಲ್ಲೇನ್ರಿ? ನಾ ಕಮಲಾಪುರ ಸಾಲ್ಯಾಗ ನಿಮ್ಮ ಕೈಯಾಗ ಕಲ್ತಾಕಿ" ಎಂದಳು. ಹೃದಯದ ನಾಲ್ಕು ಕೋಣೆಗಳ ಚಿತ್ರವನ್ನು ತಪ್ಪಿಲ್ಲದೆ ಬರೆಯುತ್ತಿದ್ದ ಹುಡುಗಿ! ಗುರುವಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಇನ್ನೇನಿದೆ? ಆದರೆ ಪಗಾರದ ಮಾತು ಬಂದಾಗ ಆ ಸಂತೋಷ ಉಳಿಯಲಿಲ್ಲ.

ಮೂರು ವರ್ಷದ ಜಿಎನ್‌ಎಂ ಶಿಕ್ಷಣ, ಐದು ವರ್ಷದ ಅನುಭವ, ವಾರಗಟ್ಟಲೆ ರಾತ್ರಿ ಪಾಳಿ. ಇಷ್ಟಕ್ಕೆ ಅವಳಿಗೆ ದೊರೆಯುವುದು ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ. ಜೊತೆಯಲ್ಲೇ ಓದಿ ಬೆಂಗಳೂರು ಸೇರಿದ ಗೆಳತಿಗೆ ಇಪ್ಪತ್ತೆರಡು ಸಾವಿರ. ಹೆಚ್ಚಿಸಿರೆಂದು ಕೇಳಿದರೆ ಆಡಳಿತದವರ ಉತ್ತರ ಸಿದ್ಧವಿತ್ತಂತೆ: "ಇದು ಕಲಬುರಗಿ, ಬೆಂಗಳೂರಲ್ಲ. ಇಲ್ಲಿ ನಿನಗೆ ಖರ್ಚೇನಿದೆ?" ಬಿಟ್ಟು ಹೋಗೋಣವೆಂದರೆ ಅವಳ ಮೂಲ ಪ್ರಮಾಣಪತ್ರಗಳು ಅವರ ಕಪಾಟಿನಲ್ಲಿವೆ.

ಈ "ಖರ್ಚೇನಿದೆ" ಎಂಬ ವಾದವನ್ನು ತುಸು ಒರೆಗೆ ಹಚ್ಚಿ ನೋಡೋಣ. ಕಲಬುರಗಿಯಲ್ಲಿ ಮನೆ ಬಾಡಿಗೆ ಬೆಂಗಳೂರಿಗಿಂತ ಕಡಿಮೆ, ನಿಜ. ಆದರೆ ಸಿಲಿಂಡರು, ಪೆಟ್ರೋಲು, ಅವ್ವನ ಸಕ್ಕರೆ ಕಾಯಿಲೆಯ ಮಾತ್ರೆ, ಇವು ಹಿಂದುಳಿದ ತಾಲೂಕೆಂದು ಅರ್ಧ ಬೆಲೆಗೆ ಸಿಗುವುದಿಲ್ಲ. ಆಸ್ಪತ್ರೆಯವರಾದರೂ ಸ್ಕ್ಯಾನಿಂಗ್ ಯಂತ್ರವನ್ನು ಕಲಬುರಗಿಯ ದರವೆಂದು ಅಗ್ಗಕ್ಕೆ ತರುತ್ತಾರೆಯೇ? ತಜ್ಞ ವೈದ್ಯರನ್ನು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಕರೆಸಬೇಕಾದಾಗ "ಇದು ಹಿಂದುಳಿದ ಪ್ರದೇಶ, ಹೆಚ್ಚು ಕೊಡದಿದ್ದರೆ ಯಾರೂ ಬರುವುದಿಲ್ಲ" ಎನ್ನುವವರೇ, ನರ್ಸಿನ ಸರದಿ ಬಂದಾಗ "ಇದು ಹಿಂದುಳಿದ ಪ್ರದೇಶ, ಕಡಿಮೆ ಸಾಕು" ಎನ್ನುತ್ತಾರೆ. ಒಂದೇ ಕಾರಣದಿಂದ ಎರಡು ವಿರುದ್ಧ ತೀರ್ಮಾನಗಳು! ನನ್ನ ಎಂಟನೆಯ ತರಗತಿಯ ಮಕ್ಕಳು ಹೀಗೆ ಉತ್ತರ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತುತ್ತಿದ್ದೆ.

ಇನ್ನು ಪ್ರದೇಶವೇ ಕಾರಣವೆನ್ನುವುದಾದರೆ, ಇದೇ ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಇಎಸ್‌ಐ ಆಸ್ಪತ್ರೆಯನ್ನು ನೋಡಿರಿ. ಅದು ಕೇಂದ್ರದ ಸಂಸ್ಥೆ. ಅಲ್ಲಿ ಕಾಯಂ ಶುಶ್ರೂಷಾಧಿಕಾರಿಗೆ ಕೇಂದ್ರದ ಏಳನೆಯ ವೇತನ ಆಯೋಗ ಗೊತ್ತುಪಡಿಸಿದ ಆರಂಭದ ಮೂಲ ವೇತನವೇ 44,900 ರೂಪಾಯಿ, ಭತ್ಯೆಗಳು ಬೇರೆ. ರಾಜ್ಯ ಸರ್ಕಾರದ ಕಾಯಂ ನರ್ಸಿಗೂ ಬೆಂಗಳೂರಿನ ವಿಕ್ಟೋರಿಯಾದಲ್ಲಿರಲಿ, ಕಮಲಾಪುರದಲ್ಲಿರಲಿ, ವೇತನ ಶ್ರೇಣಿ ಒಂದೇ; ವ್ಯತ್ಯಾಸ ಮುಖ್ಯವಾಗಿ ಮನೆ ಬಾಡಿಗೆ ಭತ್ಯೆಯಲ್ಲಿ. ಒಂದೇ ಊರು, ಒಂದೇ ಬಿಸಿಲು, ಒಂದೇ ಸೂಜಿ. ಆದರೂ ಪಗಾರದಲ್ಲಿ ಇಷ್ಟು ಅಂತರ. ಹಾಗಾದರೆ ಕಾರಣ ಊರಲ್ಲ. ಕೇಳುವ ಬಲ ಇಲ್ಲದಿರುವುದು.

"ನಿಮಗೆ 371(ಜೆ) ಇದೆಯಲ್ಲ" ಎನ್ನುವವರೂ ಇದ್ದಾರೆ. ಇದೆ, ನಾವೇ ಹೋರಾಡಿ ಪಡೆದದ್ದು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು. 2013ರಲ್ಲಿ ಜಾರಿಗೆ ಬಂದಿತು. ನಮ್ಮ ಭಾಗದ ಸಿ ವೃಂದದ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ ಮೀಸಲು. ಆದರೆ ನೇಮಕದ ಅಧಿಸೂಚನೆಯೇ ಹೊರಡದಿದ್ದರೆ ಆ ಶೇ. 80 ಎಂಬುದು ಸೊನ್ನೆಯ ಶೇ. 80 ಮಾತ್ರ. ಕೇಂದ್ರದ ಸಂಸ್ಥೆಗಳಿಗೆ ಈ ಮೀಸಲು ಅನ್ವಯಿಸದು. ಖಾಸಗಿ ಆಸ್ಪತ್ರೆಗಂತೂ ಅದರ ಸೋಂಕೇ ಇಲ್ಲ. 2024ರ ಡಿಸೆಂಬರಿನಲ್ಲಿ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಯಿತು. 371(ಜೆ) ನೆನಪಿಗೆ 371 ಹಾಸಿಗೆ. ಸಂತೋಷ. ಆದರೆ ರಾತ್ರಿ ಎರಡು ಗಂಟೆಗೆ ರೋಗಿಯ ನಾಡಿ ಹಿಡಿದು ನೋಡುವುದು ಹಾಸಿಗೆಯಲ್ಲ, ಒಂದು ಕೈ. ಆ ಕೈಯ ಲೆಕ್ಕವನ್ನು ಯಾರು ಇಡುತ್ತಾರೆ?

ದಾರಿ ಇಲ್ಲವೆಂದಲ್ಲ. 2016ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ ಕೇಂದ್ರ ರಚಿಸಿದ ಸಮಿತಿ ಸ್ಪಷ್ಟವಾಗಿ ಹೇಳಿದೆ: 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸಿನಷ್ಟೇ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ರಷ್ಟು, 50ರಿಂದ 100 ಇದ್ದರೆ ಶೇ. 25ರಷ್ಟು ಮಾತ್ರ ಕಡಿಮೆಯಾಗಬಹುದು. 50ಕ್ಕಿಂತ ಕಡಿಮೆಯಿದ್ದರೂ 20,000 ರೂಪಾಯಿಗಿಂತ ಕೆಳಗೆ ಇಳಿಯಕೂಡದು. ಸಣ್ಣ ಆಸ್ಪತ್ರೆಯವರ ಕಷ್ಟ ನನಗೂ ಗೊತ್ತು. ಬಡ ರೋಗಿಗಳಿಂದ ಎಷ್ಟು ವಸೂಲಿಯಾದೀತು? ಆದರೆ ಸಮಿತಿ ಆ ಕಷ್ಟವನ್ನು ಅರಿತೇ ಮೆಟ್ಟಿಲು ಮಾಡಿಕೊಟ್ಟಿದೆ. ಗಮನಿಸಿರಿ, ಆ ಮೆಟ್ಟಿಲು ಹಾಸಿಗೆಯ ಲೆಕ್ಕದ್ದೇ ಹೊರತು ಊರಿನ ಲೆಕ್ಕದ್ದಲ್ಲ.

ಕೇರಳದಲ್ಲಿ ಸರ್ಕಾರವೇನು ತಾನಾಗಿ ಕಣ್ಣು ತೆರೆಯಲಿಲ್ಲ. 2017ರಲ್ಲಿ ಅಲ್ಲಿನ ನರ್ಸುಗಳು ಸಂಘಟಿತರಾಗಿ ಬೀದಿಗಿಳಿದರು. 2018ರ ಏಪ್ರಿಲಿನಲ್ಲಿ 20,000 ರೂಪಾಯಿ ಕನಿಷ್ಠ ವೇತನದ ಅಧಿಸೂಚನೆ ಹೊರಟಿತು. ವಿದೇಶಕ್ಕೆ ಹೋಗುವವರಿಗೂ 1977ರಿಂದ ಅಲ್ಲಿ ಸರ್ಕಾರದ್ದೇ ನೇಮಕಾತಿ ಕಂಪನಿಯಿದೆ. ನಮ್ಮ ಹುಡುಗಿಯರು ದುಬೈ ಕನಸು ಕಂಡರೆ ದಲ್ಲಾಳಿಯ ಕೈಯಲ್ಲಿ ಅಪ್ಪನ ಎರಡೆಕರೆ ತೊಗರಿ ಹೊಲದ ಭವಿಷ್ಯವನ್ನೇ ಇಡಬೇಕು.

ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ಸಂಭವಿಸಿದ್ದು ಇದೇ ಕಲಬುರಗಿಯ ವೃದ್ಧರೊಬ್ಬರದು, 2020ರ ಮಾರ್ಚ್ 10ರಂದು. ಊರೆಲ್ಲ ಬಾಗಿಲು ಹಾಕಿಕೊಂಡಾಗ ಬಾಗಿಲು ತೆರೆದು ಹೊರಟವರು ಈ ಹೆಣ್ಣುಮಕ್ಕಳು. ಆಗ ಚಪ್ಪಾಳೆ ತಟ್ಟಿದೆವು, ತಾಟು ಬಡಿದೆವು. "ಸೇವೆ", "ತ್ಯಾಗ" ಎಂದು ಹೊಗಳಿದೆವು. ಶರಣರ ನಾಡಿನವರು ನಾವು, ಕಾಯಕವನ್ನು ಪೂಜ್ಯವೆಂದವರು. ಕಾಯಕ ಪೂಜ್ಯವಾದರೆ ಕಾಯಕ ಮಾಡಿದವಳ ಕೂಲಿಯನ್ನು ಕದಿಯುವುದು ಏನಾದೀತು?

ನನ್ನ ಬೇಡಿಕೆ ದೊಡ್ಡದಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಗೆ 2007ರ ಕಾಯ್ದೆಯಿದೆ. ಸಮಿತಿ ಹೇಳಿದ ವೇತನವನ್ನು ಆ ನೋಂದಣಿಯ ಷರತ್ತನ್ನಾಗಿ ಮಾಡಲಿ. ಪಗಾರ ಬ್ಯಾಂಕಿನ ಖಾತೆಗೇ ಬರಲಿ. ಪ್ರಮಾಣಪತ್ರ ಒತ್ತೆಯಿಟ್ಟುಕೊಳ್ಳುವವರ ಮೇಲೆ ಕ್ರಮವಾಗಲಿ. ಖಾಲಿ ಹುದ್ದೆಗಳನ್ನು ಗುತ್ತಿಗೆಯಿಂದಲ್ಲ, ಕಾಯಂ ನೇಮಕದಿಂದ ತುಂಬಲಿ.

ನಮ್ಮ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಮನ್ನಣೆಯಿದೆ. ಈ ಮಣ್ಣಿನದೆಂಬ ಕಾರಣಕ್ಕೇ ಪೇಟೆಯಲ್ಲಿ ಹೆಚ್ಚು ಬೆಲೆ. ಇದೇ ಮಣ್ಣಿನ ಮಗಳ ದುಡಿಮೆಗೆ ಮಾತ್ರ ಈ ಮಣ್ಣಿನದೆಂಬ ಕಾರಣಕ್ಕೇ ಕಡಿಮೆ ಬೆಲೆ. ಹೊರಡುವಾಗ ಅವಳು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಬಿ.ಪಿ. ಭಾಳ ಏರ್ಯಾದ್ರಿ ಸರ್, ಚಿಂತಿ ಮಾಡಬ್ಯಾಡ್ರಿ."

ಚಿಂತೆ ಮಾಡದೆ ಹೇಗಿರಲಿ, ಮಗಳೇ?