ನಾಮಪದಗಳ ನಡುವಿನ 'ಮತ್ತು'

2024ರ ಮಾರ್ಚ್ 15ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪಲ್ಸಿಫರ್ ಮೊಕದ್ದಮೆಯಲ್ಲಿ ನೀಡಿದ ತೀರ್ಪು ಹೊರನೋಟಕ್ಕೆ ಮಾದಕ ವಸ್ತುಗಳ ಕಾಯ್ದೆಯನ್ನು ಕುರಿತದ್ದು; ಒಳಹೊಕ್ಕು ನೋಡಿದರೆ ಅದೊಂದು ವ್ಯಾಕರಣಚರ್ಚೆ. 2018ರ 'ಫಸ್ಟ್ ಸ್ಟೆಪ್' ಕಾಯ್ದೆಯು ಕಡ್ಡಾಯ ಕನಿಷ್ಠ ಶಿಕ್ಷೆಯಿಂದ ಕೆಲವರಿಗೆ ವಿನಾಯಿತಿ ದೊರೆಯುವ ದಾರಿಯನ್ನು ಅಗಲಗೊಳಿಸಿತು. ವಿನಾಯಿತಿ ಬೇಡುವವನ ಹಿಂದಿನ ದಾಖಲೆಯಲ್ಲಿ ಮೂರು ಸಂಗತಿಗಳು ಇರಕೂಡದು: ನಾಲ್ಕಕ್ಕಿಂತ ಹೆಚ್ಚಿನ ಅಪರಾಧಾಂಕ, ಮೂರು ಅಂಕದ ಒಂದು ಅಪರಾಧ, 'ಆ್ಯಂಡ್' ಎರಡು ಅಂಕದ ಒಂದು ಹಿಂಸಾಪರಾಧ. ಪಲ್ಸಿಫರನಿಗೆ ಮೊದಲೆರಡು ಇದ್ದವು, ಮೂರನೆಯದು ಇರಲಿಲ್ಲ. ಮೂರೂ ಒಟ್ಟಿಗೆ ಇದ್ದರೆ ಮಾತ್ರ ವಿನಾಯಿತಿ ತಪ್ಪುವುದೋ, ಮೂರರಲ್ಲಿ ಯಾವುದೊಂದಿದ್ದರೂ ತಪ್ಪುವುದೋ ಎಂಬುದೇ ಪ್ರಶ್ನೆ. ಆರು ಮಂದಿ ನ್ಯಾಯಮೂರ್ತಿಗಳು ಒಂದಿದ್ದರೂ ತಪ್ಪುತ್ತದೆ ಎಂದರು; ಮೂವರು ಮೂರೂ ಕೂಡಿರಬೇಕು ಎಂದರು. ಪಲ್ಸಿಫರನಿಗೆ ವಿನಾಯಿತಿ ದಕ್ಕಲಿಲ್ಲ. ಅವನಂತೆಯೇ ಕಾದಿದ್ದ ಇತರರ ಸೆರೆವಾಸದ ವರ್ಷಗಳೂ ಆ ಒಂದು ಅವ್ಯಯದ ಅರ್ಥದಿಂದಲೇ ತೀರ್ಮಾನವಾದವು.

ಇಂಗ್ಲಿಷಿನ 'ಆ್ಯಂಡ್' ಪಟ್ಟಿಯ ಕೊನೆಯ ಎರಡು ನಾಮಪದಗಳ ನಡುವೆ ಒಮ್ಮೆ ಮಾತ್ರ ಬಂದು ನಿಲ್ಲುತ್ತದೆ. ಹಿಂದಿನವುಗಳಿಗೆ ಅಲ್ಪವಿರಾಮವೇ ಗತಿ. ಆದ್ದರಿಂದ ವಾಕ್ಯದ ನಿಷೇಧ ಪ್ರತಿಯೊಂದು ನಾಮಪದಕ್ಕೂ ಬಿಡಿಯಾಗಿ ತಗಲುವುದೋ, ಇಡೀ ಕಟ್ಟಿಗೆ ಒಮ್ಮೆ ತಗಲುವುದೋ ಎಂಬುದನ್ನು ಓದುಗನು ಸಂದರ್ಭದಿಂದ ಊಹಿಸಿಕೊಳ್ಳಬೇಕು. ಕನ್ನಡದ ದಾರಿ ಬೇರೆ. ಹಳಗನ್ನಡದ 'ಉಂ', ಹೊಸಗನ್ನಡದ 'ಊ' ನಾಮಪದಗಳ ನಡುವೆ ನಿಲ್ಲುವ ಪದವಲ್ಲ. ಪ್ರತಿಯೊಂದು ನಾಮಪದದ ಮೈಗೂ ಹತ್ತಿಕೊಳ್ಳುವ ಅಂಶ. 'ಹಾಲೂ ಇಲ್ಲ, ಸಕ್ಕರೆಯೂ ಇಲ್ಲ' ಎಂದಾಗ ಯಾವ ನ್ಯಾಯಪೀಠಕ್ಕೂ ಕೆಲಸವಿಲ್ಲ. ಎರಡೂ ಕೂಡಿರುವುದನ್ನು ಮಾತ್ರ ಅಲ್ಲಗಳೆಯಬೇಕಾದರೆ ಕನ್ನಡಿಗನು 'ಎರಡೂ ಒಟ್ಟಿಗೆ ಇರಬಾರದು' ಎಂದು ಬಿಡಿಸಿಯೇ ಹೇಳುತ್ತಾನೆ. ಆ ಅಮೆರಿಕನ್ ಕಲಮನ್ನು ಕನ್ನಡಿಸಹೊರಟವನು ಮೊದಲ ಸಾಲಿನಲ್ಲಿಯೇ ಯಾವ ಅರ್ಥವನ್ನು ಆರಿಸಿಕೊಳ್ಳಬೇಕೆಂದು ತಡವರಿಸಬೇಕಾಗುತ್ತದೆ; 'ಮತ್ತು' ಹಾಕಿ ನುಣುಚಿಕೊಳ್ಳದಿದ್ದರೆ, ಅಷ್ಟೆ.

ಇಂದಿನ ಬರೆಹದಲ್ಲಿ ನಡೆಯುತ್ತಿರುವುದು ಈ ನುಣುಚಿಕೊಳ್ಳುವಿಕೆಯೇ. ಪತ್ರಿಕೆ, ಸುತ್ತೋಲೆ, ಪಠ್ಯಪುಸ್ತಕ, ಕೊನೆಗೆ ಪಿಎಚ್.ಡಿ. ಪ್ರಬಂಧ, ಎಲ್ಲೆಲ್ಲಿಯೂ 'ಮತ್ತು' ಇಂಗ್ಲಿಷಿನ ಸ್ಥಾನದಲ್ಲಿಯೇ ಕುಳಿತಿದೆ: ಅಲ್ಪವಿರಾಮ, ಅಲ್ಪವಿರಾಮ, ಕೊನೆಗೊಂದು 'ಮತ್ತು'. ಪದವು ಅಚ್ಚಗನ್ನಡವೇ, ಅದರ ಬಗ್ಗೆ ತಕರಾರಿಲ್ಲ. ಹಳೆಯ ಗದ್ಯದಲ್ಲಿಯೂ ಶಾಸನಗಳಲ್ಲಿಯೂ ಬರುವ 'ಮತ್ತಂ' ಇದರ ಹಿರಿಯ ರೂಪ. (ಭೂಮಿಯ ಅಳತೆಯಾದ 'ಮತ್ತರ್' ಬೇರೆ, ಶಾಸನ ಓದುವ ಹೊಸಬರು ಎರಡನ್ನೂ ಬೆರೆಸುವುದುಂಟು.) ಆದರೆ 'ಮತ್ತಂ' ಎಂದರೆ 'ಅದಲ್ಲದೆ', 'ಮುಂದುವರಿದು' ಎಂದರ್ಥ. ಅದು ಹೊಸ ಮಾತಿಗೆ ಪೀಠಿಕೆ ಹಾಕುವ ಪದ. 'ಮತ್ತೆ', 'ಮತ್ತೊಂದು', 'ಮತ್ತೊಬ್ಬ' ಎಂಬಲ್ಲಿ ಆ ಅರ್ಥ ಇಂದಿಗೂ ಜೀವಂತವಾಗಿದೆ. ಎರಡು ನಾಮಪದಗಳನ್ನು ಸರಿಸಮನಾಗಿ ಬೆಸೆಯುವ ಕೆಲಸವನ್ನು ಕನ್ನಡವು 'ಉಂ' ಪ್ರತ್ಯಯಕ್ಕೂ ದ್ವಂದ್ವ ಸಮಾಸಕ್ಕೂ ವಹಿಸಿತ್ತು. ತಂದೆತಾಯಿ, ಕೆರೆಕಟ್ಟೆ, ಗಿಡಮರಬಳ್ಳಿ ಎಂಬಲ್ಲಿ ಯಾವ ಅವ್ಯಯದ ಹಂಗೂ ಇಲ್ಲ. ಆಡುಮಾತಿನಲ್ಲಿ ಮೂರನೆಯದೊಂದು ದಾರಿಯೂ ಇದೆ: 'ಅಣ್ಣ, ತಮ್ಮ ಇಬ್ಬರೂ ಬಂದರು'. ಇಲ್ಲಿ ಎಣಿಕೆಯ ಪದವೇ ಬೆಸುಗೆ.

ನಾಮಪದದ ಬೆನ್ನಿಗೆ ಸಮುಚ್ಚಯವನ್ನು ಅಂಟಿಸುವುದು ದ್ರಾವಿಡ ಭಾಷೆಗಳದ್ದೇ ವಿಶೇಷವೆಂದು ಬೀಗಬೇಕಾಗಿಲ್ಲ. ತಮಿಳು, ಮಲಯಾಳಗಳ 'ಉಮ್' ಇರುವಂತೆ ಸಂಸ್ಕೃತದ 'ಚ' ಕೂಡ ಪದದ ಹಿಂದೆಯೇ ಬರುತ್ತದೆ. ಲ್ಯಾಟಿನ್ನಿನ 'ಕ್ವೆ' ಕೂಡ. ಸಂಸ್ಕೃತದಿಂದ 'ಅಥವಾ'ವನ್ನು ಕೈಚಾಚಿ ಪಡೆದ ಕನ್ನಡವು 'ಚ'ಕಾರವನ್ನು ಮಾತ್ರ ತನ್ನ ವಾಕ್ಯದೊಳಕ್ಕೆ ಬಿಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಇದ್ದದ್ದನ್ನು ಯಾರು ಸಾಲ ತರುತ್ತಾರೆ?

ಕೂಡಿಯೋ ಬಿಡಿಯಾಗಿಯೋ ಎಂಬ ಪ್ರಶ್ನೆಯೂ ಹೊಸದಲ್ಲ. ತತ್ತ್ವಾರ್ಥಸೂತ್ರದ ಮೊದಲ ಸೂತ್ರವು ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರಗಳನ್ನು ದ್ವಂದ್ವ ಸಮಾಸದಲ್ಲಿ ಬಹುವಚನವಾಗಿ ಹೇಳಿ, ಮೋಕ್ಷಮಾರ್ಗವನ್ನು ಮಾತ್ರ ಏಕವಚನದಲ್ಲಿ ನಿಲ್ಲಿಸುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಗಮನಿಸಿ, ಮೂರೂ ಸೇರಿಯೇ ಒಂದು ಮಾರ್ಗ, ಬಿಡಿಬಿಡಿಯಾಗಿ ಅಲ್ಲ ಎಂದು ತಿಳಿಸುವುದಕ್ಕೇ ಆ ಏಕವಚನ ಎಂದು ವಿವರಿಸುತ್ತಾರೆ. ವಾಷಿಂಗ್ಟನ್ನಿನ ಒಂಬತ್ತು ಮಂದಿ ಪುಟಗಟ್ಟಲೆ ವಾದಿಸಿಯೂ ಒಮ್ಮತಕ್ಕೆ ಬಾರದ ಜಾತಿಯ ಸಂದೇಹವನ್ನು ಸೂತ್ರಕಾರರು ಒಂದು ವಚನಪ್ರತ್ಯಯದಿಂದ ಮೊದಲೇ ಮುಚ್ಚಿದ್ದರು.

'ಮತ್ತು'ವಿನ ಇನ್ನೊಂದು ಪರಿಣಾಮ ಇದಕ್ಕಿಂತ ಗಂಭೀರವಾದದ್ದು, ಹೆಚ್ಚಿನವರ ಕಣ್ಣಿಗೆ ಬೀಳದ್ದು: ಅದು ಹಿಂದಿನ ನಾಮಪದದ ವಿಭಕ್ತಿಯನ್ನು ಕಳಚಿಹಾಕುತ್ತದೆ. 'ಮೈಸೂರಿನಲ್ಲೂ ಧಾರವಾಡದಲ್ಲೂ' ಎಂಬುದು 'ಮೈಸೂರು ಮತ್ತು ಧಾರವಾಡದಲ್ಲಿ' ಎಂದಾಗಿದೆ. ಊರಿನ ಹೆಸರಿನಲ್ಲಿ ಇದರಿಂದ ಹಾನಿ ಕಾಣದು. 'ಅಣ್ಣ ಮತ್ತು ತಮ್ಮನ ಮಗನಿಗೆ ತೋಟ ಸೇರತಕ್ಕದ್ದು' ಎಂದು ಒಂದು ವಿಭಾಗಪತ್ರದಲ್ಲಿ ಬರೆದರೆ ತೋಟ ಯಾರದು? ಅಣ್ಣನಿಗೆ ಪಾಲುಂಟೋ, ಅಣ್ಣನ ಮಗನಿಗೂ ತಮ್ಮನ ಮಗನಿಗೂ ಸೇರಿದ್ದೋ? 'ಅಣ್ಣನಿಗೂ ತಮ್ಮನ ಮಗನಿಗೂ' ಎಂದು ಬರೆದಿದ್ದರೆ ಹಳ್ಳಿಯ ಪಂಚಾಯಿತಿಕಟ್ಟೆಯಲ್ಲಿಯೇ ಮುಗಿಯುತ್ತಿದ್ದ ವ್ಯವಹಾರ ವಕೀಲರ ಕೈಸೇರುತ್ತದೆ. ವಿಭಕ್ತಿಯನ್ನು ಪ್ರತಿ ಪದಕ್ಕೂ ಹಚ್ಚುವುದು ಪುನರುಕ್ತಿಯಲ್ಲ. ಅದು ಕನ್ನಡ ವಾಕ್ಯದ ಲೆಕ್ಕಪತ್ರ.

ವಿಶೇಷಣದ ಗೊಂದಲವನ್ನು ಮಾತ್ರ 'ಊ' ಕೂಡ ಪೂರ್ತಿ ಬಿಡಿಸಲಾರದು. 'ಬಡ ವಿದ್ಯಾರ್ಥಿಗಳಿಗೂ ಮಹಿಳೆಯರಿಗೂ' ಎಂದಾಗ 'ಬಡ' ಎಂಬುದು ಎಲ್ಲಿಯವರೆಗೆ ಹರಿಯುತ್ತದೆಂಬ ಅನುಮಾನ ಉಳಿಯುತ್ತದೆ. ಪದಗಳ ಸ್ಥಾನ ಬದಲಿಸುವುದೊಂದೇ ಅಲ್ಲಿ ಪರಿಹಾರ. ಒಂಟಿಯಾಗಿ ಬಂದ 'ಊ'ಗೆ 'ಸಹ' ಎಂಬ ಅರ್ಥವೂ ಇದೆಯೆಂಬುದು ನಿಜ. ಹತ್ತು ಹೆಸರುಗಳ ಪಟ್ಟಿಗೆ ಹತ್ತು 'ಊ' ಹಚ್ಚಿದರೆ ಕಿವಿಗೆ ಕರ್ಕಶವಾಗುವುದೂ ನಿಜ. ಗ್ರಂಥದ ಶೀರ್ಷಿಕೆಯಲ್ಲಿ, ಇಲಾಖೆಯ ಹೆಸರಿನಲ್ಲಿ 'ಮತ್ತು' ಇರಲಿ. ಅಲ್ಲಿ ವಿಭಕ್ತಿಯ ಪ್ರಶ್ನೆಯೇ ಹುಟ್ಟುವುದಿಲ್ಲ. 'ಮತ್ತು'ವನ್ನು ಬಹಿಷ್ಕರಿಸಬೇಕೆನ್ನುವವರು ಅದರ ಬದಲಿಗೆ 'ಹಾಗೂ' ಬರೆದು ತೃಪ್ತರಾಗುತ್ತಾರೆ. ಹೆಸರು ಬದಲಾಯಿತು, ಸ್ಥಾನ ಬದಲಾಗಲಿಲ್ಲ. 'ಹಾಗೆ' ಎಂಬುದಕ್ಕೆ 'ಊ' ಸೇರಿಯೇ 'ಹಾಗೂ' ಆಗಿದೆಯೆಂಬುದನ್ನು ಅವರು ಗಮನಿಸಿದಂತಿಲ್ಲ.

ಕ್ರಿಯಾಪದಗಳ ವಿಷಯದಲ್ಲಿ ಕನ್ನಡವು ಇನ್ನೂ ಅಷ್ಟಾಗಿ ಸೋತಿಲ್ಲ. ರಸ್ತೆಬದಿಯ ಫಲಕಗಳು ಇಂದಿಗೂ 'ಮದ್ಯಪಾನ ಮಾಡಿ ವಾಹನ ಚಲಾಯಿಸಬೇಡಿ' ಎನ್ನುತ್ತವೆ. ಇಂಗ್ಲಿಷಿನ ಫಲಕದಲ್ಲಿರುವ 'ಆ್ಯಂಡ್' ಇಲ್ಲಿ ಕೃದಂತವಾಗಿ ಕರಗಿದೆ. ಎರಡು ಕ್ರಿಯೆಗಳನ್ನು ಕೂಡಿಸಬೇಡಿ ಎಂಬ ಅರ್ಥ ನಿಸ್ಸಂದಿಗ್ಧವಾಗಿ ನಿಂತಿದೆ. ಆ ಫಲಕವನ್ನು ಬರೆದ ಅನುವಾದಕನಿಗೆ ಇದ್ದ ಎಚ್ಚರ, ಅರ್ಹತೆಯ ಷರತ್ತುಗಳನ್ನು ಕನ್ನಡಿಸುವ ಮೇಜುಗಳ ಮೇಲೆ ಬೇಕಾಗಿದೆ. ಸವಲತ್ತಿನ ಅರ್ಜಿಯಲ್ಲಿ 'ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಮತ್ತು ಪಡಿತರ ಚೀಟಿ ಇಲ್ಲದವರು ಅನರ್ಹರು' ಎಂದು ಬರೆದರೆ, ಪಡಿತರ ಚೀಟಿಯೊಂದೇ ಕಳೆದುಹೋದ ಮುದುಕಿ ಒಳಗೋ ಹೊರಗೋ ಎಂಬುದನ್ನು ಹೇಳುವವನು ಕಿಟಕಿಯಾಚೆ ಕುಳಿತ ಗುಮಾಸ್ತ. 'ಈ ಮೂರರಲ್ಲಿ ಒಂದಿಲ್ಲದಿದ್ದರೂ' ಎಂದೋ, 'ಈ ಮೂರೂ ಇಲ್ಲದವರು' ಎಂದೋ ಬರೆಯಲು ಹೆಚ್ಚುವರಿ ಒಂದು ಸಾಲಿನ ಜಾಗವೂ ಬೇಕಾಗದು.