ಎರಡು ಡಾಲರ್ ಶಾರ್ಡೊನೇಗೆ ಚಿನ್ನ ಬಂತು. ಹಾಗಾದ್ರೆ ನಾವು ಯಾವುದಕ್ಕೆ ದುಡ್ಡು ಕೊಡ್ತಿದ್ದೀವಿ?

ಗ್ಲಾಸು-ಗೀಸು ಸರಣಿ. ಈ ವಾರ ಶಾರ್ಡೊನೇ. (21 ಆಗದೇ ಇರೋರು ಓದಿ ಸಾಕು, ಗ್ಲಾಸ್ ಆಮೇಲೆ.)

1/5

2007ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್‌ನ ವೈನ್ ಸ್ಪರ್ಧೆಯಲ್ಲಿ ಒಂದು ಶಾರ್ಡೊನೇಗೆ 100ಕ್ಕೆ 98 ಅಂಕ ಬಂತು. ಡಬಲ್ ಗೋಲ್ಡ್. ಮೇಲೆ ಕ್ಯಾಲಿಫೋರ್ನಿಯಾದ ಅತ್ಯುತ್ತಮ ಶಾರ್ಡೊನೇ ಅನ್ನೋ ಬಿರುದು ಬೇರೆ. ಬಾಟಲಿಯ ಹೆಸರು ಚಾರ್ಲ್ಸ್ ಶಾ, 2005ರ ಬೆಳೆ. ಟ್ರೇಡರ್ ಜೋಸ್ ಅನ್ನೋ ದಿನಸಿ ಅಂಗಡಿಯಲ್ಲಿ ಆಗ ಅದರ ಬೆಲೆ 1 ಡಾಲರ್ 99 ಸೆಂಟ್ ಇತ್ತು. ಜನ ಪ್ರೀತಿಯಿಂದ ಕರೀತಿದ್ದಿದ್ದು ಟೂ ಬಕ್ ಚಕ್ ಅಂತ.

ಈ ಕಥೆ ಕೇಳಿದ ತಕ್ಷಣ ನಮ್ಮ ಕ್ಲಾಸಿನಲ್ಲೇ ಎರಡು ಪಾರ್ಟಿ ಆಗ್ತವೆ. ಒಂದು: 'ನೋಡಿದ್ರಾ, ದುಬಾರಿ ವೈನ್ ಎಲ್ಲ ಬರೀ ಬಿಲ್ಡಪ್.' ಇನ್ನೊಂದು: 'ಆ ಜಡ್ಜ್‌ಗಳಿಗೆ ನಾಲಿಗೆನೇ ಇಲ್ಲ ಗುರು.' ನನಗೆ ಎರಡೂ ಒಪ್ಪಿಗೆ ಆಗಲ್ಲ. ನಮ್ಮಲ್ಲಿ ಅರ್ಧ ಜನ ಇನ್ನೊಂದು ವರ್ಷದಲ್ಲಿ ಯಾವುದೋ ರೆಸ್ಟೋರೆಂಟಲ್ಲಿ ಮೆನು ಹಿಡ್ಕೊಂಡು ನಿಂತಿರ್ತೀವಿ. ಆನಿವರ್ಸರಿಗೆ ಬಂದ ಗಂಡ-ಹೆಂಡತಿ ನಮ್ಮ ಮುಖ ನೋಡಿ 'ಯಾವುದು ಚೆನ್ನಾಗಿದೆ ಹೇಳಿ' ಅಂತಾರೆ. ಆಗ ಈ ಎರಡು ಡೈಲಾಗ್‌ನಲ್ಲಿ ಯಾವುದೂ ಅವರಿಗೆ ಉಪಯೋಗಕ್ಕೆ ಬರಲ್ಲ.

2/5

ಮೊದಲು ಜಡ್ಜ್‌ಗಳ ವಿಷಯ ಮುಗಿಸಿಬಿಡೋಣ.

ಅದೇ ಸ್ಟೇಟ್ ಫೇರ್‌ನಲ್ಲಿ, ಅದೇ ವರ್ಷಗಳಲ್ಲಿ, ರಾಬರ್ಟ್ ಹಾಡ್ಜ್‌ಸನ್ ಅನ್ನೋರು ಒಂದು ಪರೀಕ್ಷೆ ಮಾಡಿದ್ರು. ಸಮುದ್ರ ವಿಜ್ಞಾನದ ಪ್ರೊಫೆಸರ್ ಆಗಿದ್ದವರು, ಸ್ವಂತ ವೈನರಿ ಇಟ್ಟವರು. ಜಡ್ಜ್‌ಗಳಿಗೆ ಕೊಡೋ ಗ್ಲಾಸ್‌ಗಳ ಸಾಲಿನಲ್ಲಿ ಒಂದೇ ಬಾಟಲಿಯ ವೈನನ್ನ ಮೂರು ಸಲ ಸೇರಿಸಿದ್ರು, ಯಾರಿಗೂ ಹೇಳದೆ. 2008ರಲ್ಲಿ ಫಲಿತಾಂಶ ಬಂತು: ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟ ಜಡ್ಜ್‌ಗಳು ಸುಮಾರು 10 ಶೇಕಡಾ ಮಾತ್ರ. ಇನ್ನೊಂದು 10 ಶೇಕಡಾ ಜನ ಅದೇ ವೈನಿಗೆ ಒಮ್ಮೆ ಕಂಚು, ಒಮ್ಮೆ ಚಿನ್ನ ಕೊಟ್ಟಿದ್ರು.

ಇವರೆಲ್ಲ ಅನುಭವಸ್ಥರು, ಪೆದ್ದರಲ್ಲ. ಆದ್ರೆ ಒಂದರ ಹಿಂದೆ ಒಂದು ಮೂವತ್ತು ವೈನ್ ಬಾಯಿಗೆ ಹಾಕಿ ಉಗುಳಿದ ಮೇಲೆ ನಾಲಿಗೆ ಏನು ಹೇಳುತ್ತೋ ಅದೇ ಹೇಳೋಕೆ ಸಾಧ್ಯ. ಮದುವೆ ಮನೆಯಲ್ಲಿ ಹೋಳಿಗೆ ತಿಂದು ಕಾಫಿ ಕುಡಿದು ನೋಡಿ, ಸಕ್ಕರೆ ಹಾಕಿದ್ರೂ ಸಪ್ಪೆ ಅನ್ಸುತ್ತೆ. ಹಿಂದಿನ ಗ್ಲಾಸಿನ ಸಿಹಿ ಮುಂದಿನ ಗ್ಲಾಸಿನ ತೀರ್ಪನ್ನ ಬದಲಾಯಿಸುತ್ತೆ.

ಹಾಗಾಗಿ ಬಾಟಲಿ ಮೇಲಿನ ಚಿನ್ನದ ಸ್ಟಿಕರ್ ನೋಡಿದ್ರೆ 'ಒಂದು ದಿನ ಕೆಲವರಿಗೆ ಇದು ಇಷ್ಟ ಆಯ್ತು' ಅಂತ ಮಾತ್ರ ಓದಿ. ಅದಕ್ಕಿಂತ ಜಾಸ್ತಿ ಅದರಲ್ಲಿಲ್ಲ.

3/5

ಈಗ ಮುಖ್ಯ ಪ್ರಶ್ನೆ. ದುಬಾರಿ ಶಾರ್ಡೊನೇಯಲ್ಲಿ ದುಡ್ಡು ಎಲ್ಲಿ ಹೋಗುತ್ತೆ?

ಶಾರ್ಡೊನೇ ದ್ರಾಕ್ಷಿಗೆ ತನ್ನದೇ ಅಂತ ಜೋರು ವಾಸನೆ ಇಲ್ಲ. ಸಾವಿನ್ಯೋ ಬ್ಲಾಂಕ್ ತರ ಮೂಗಿಗೆ ಬಂದು ಹೊಡೆಯಲ್ಲ. ಹುಟ್ಟು ಕೂಡ ಅರ್ಧ ಸಾಧಾರಣದ್ದೇ: 1999ರಲ್ಲಿ ಬಂದ ಡಿಎನ್‌ಎ ಸಂಶೋಧನೆ ಪ್ರಕಾರ ಅದರ ಒಂದು ಕಡೆ ಪಿನೋ, ಇನ್ನೊಂದು ಕಡೆ ಗ್ವೇ ಬ್ಲಾಂಕ್. ಈ ಗ್ವೇ ಬ್ಲಾಂಕ್ ಅನ್ನೋದು ಯುರೋಪಿನ ರೈತರು ಮಾಮೂಲಿ ವೈನಿಗೆ ಬೆಳೀತಿದ್ದ, ದೊಡ್ಡವರು ಮೂಗು ಮುರೀತಿದ್ದ ದ್ರಾಕ್ಷಿ. (ನನಗೆ ಈ ವಿಷಯ ತುಂಬಾ ಇಷ್ಟ.)

ಅಂದ್ರೆ ಶಾರ್ಡೊನೇ ಹೆಚ್ಚುಕಮ್ಮಿ ನೀರ್ ದೋಸೆ ಇದ್ದ ಹಾಗೆ. ಪಕ್ಕಕ್ಕೆ ಏನು ಬಡಿಸ್ತೀರೋ ಅದರ ರುಚಿ ತಗೊಳ್ಳುತ್ತೆ. ಫ್ರಾನ್ಸಿನ ಶಾಬ್ಲಿಯ ತಣ್ಣನೆ ಹವೆ, ಸುಣ್ಣದ ಮಣ್ಣಲ್ಲಿ ಬೆಳೆದ್ರೆ ನಿಂಬೆ, ಹಸಿರು ಸೇಬು, ಬಿಗಿಯಾದ ಹುಳಿ. ಬಿಸಿಲ ನಾಡಲ್ಲಿ ಬೆಳೆದ್ರೆ ಅನಾನಸ್, ಕಳಿತ ಮಾವಿನ ಕಡೆಗೆ ಹೋಗುತ್ತೆ, ಹುಳಿ ಇಳಿಯುತ್ತೆ. ಹಸಿರು ಸೇಬಲ್ಲಿರೋ ಮ್ಯಾಲಿಕ್ ಆಮ್ಲವನ್ನ ಬ್ಯಾಕ್ಟೀರಿಯಾ ಮೊಸರಲ್ಲಿರೋ ಲ್ಯಾಕ್ಟಿಕ್ ಆಮ್ಲವಾಗಿ ಬದಲಾಯಿಸಿದ್ರೆ ರುಚಿ ಮೆತ್ತಗಾಗುತ್ತೆ. ಆ ದಾರಿಯಲ್ಲಿ ಹುಟ್ಟೋ ಡೈಅಸೆಟೈಲ್‌ನಿಂದಲೇ ಬೆಣ್ಣೆಯ ಗಮ. ಓಕ್ ಮರದಿಂದ ವೆನಿಲ್ಲಾ, ತೆಂಗಿನಕಾಯಿ, ಹುರಿದ ಬ್ರೆಡ್.

ಈ ಓಕ್‌ನದ್ದೇ ಲೆಕ್ಕ ಹಾಕೋಣ. ಬರ್ಗಂಡಿಯ ಪೀಪಾಯಿ 228 ಲೀಟರ್, ಅಂದ್ರೆ ಸುಮಾರು 300 ಬಾಟಲಿ. ಹೊಸ ಫ್ರೆಂಚ್ ಪೀಪಾಯಿ ಒಂದಕ್ಕೆ 800 ಯೂರೋ ಅಂತ ಇಟ್ಕೊಳ್ಳಿ. ಒಂದು ಬಾಟಲಿಗೆ ಬರೀ ಮರದ ಖರ್ಚೇ ಎರಡೂವರೆ ಯೂರೋ ದಾಟಿತು. ಆಗಿನ ಟೂ ಬಕ್ ಚಕ್‌ನ ಇಡೀ ಬಾಟಲಿಗಿಂತ ಜಾಸ್ತಿ!

ಹಾಗಾದ್ರೆ ಅಗ್ಗದ ಬಾಟಲಿಯ ಲೇಬಲ್ ಮೇಲೆ 'ಓಕ್‌ನ ಸೊಗಸು' ಅಂತ ಬರೆದಿದ್ರೆ ಅದು ಎಲ್ಲಿಂದ ಬಂತು? ಬಹುತೇಕ ಸ್ಟೀಲ್ ಟ್ಯಾಂಕ್‌ಗೆ ಓಕ್ ಚಕ್ಕೆ ಹಾಕಿ ನೆನೆಸಿದ್ದು, ಟೀ ಬ್ಯಾಗ್ ಅದ್ದಿದ ಹಾಗೆ. ಅದು ಅಪರಾಧ ಅಲ್ಲ. ಆದ್ರೆ ಕಾಫಿ ಪುಡಿಗೆ ಚಿಕೋರಿ ಸೇರಿಸಿದಂಗೆ ಅದು. ಹದವಾಗಿದ್ರೆ ಮೈ ಕೊಡುತ್ತೆ, ಜಾಸ್ತಿ ಆದ್ರೆ ಬೀಜ ಹೇಗಿತ್ತು ಅಂತಾನೇ ಗೊತ್ತಾಗಲ್ಲ. ಸಪ್ಪೆ ದ್ರಾಕ್ಷಿಯನ್ನ ಮುಚ್ಚೋಕೆ ಇದು ತುಂಬಾ ಸುಲಭದ ದಾರಿ. ಬಾಯಲ್ಲಿ ಸ್ವಲ್ಪ ಸಿಹಿ ಉಳಿಸೋದು ಇನ್ನೊಂದು.

ನನ್ನ ವಾದ ಇಷ್ಟೇ. ಕಡಿಮೆ ಬೆಲೆಯ ಶಾರ್ಡೊನೇ ದುಬಾರಿಯದರ ವೇಷ ಹಾಕಿದಾಗಲೇ ದುಡ್ಡಿಗೆ ಮೋಸ ಆಗೋದು. ವೇಷ ಇಲ್ಲದೆ, ಶುದ್ಧವಾಗಿ, ಹುಳಿ ಉಳಿಸ್ಕೊಂಡು ಬಂದ್ರೆ ಮೋಸ ಇಲ್ಲ. ದರ್ಶಿನಿ ಇಡ್ಲಿಯನ್ನ ಫೈವ್ ಸ್ಟಾರ್ ಬಫೆ ಜೊತೆ ಯಾರೂ ಹೋಲಿಸಲ್ಲ. ಬಿಸಿ ಇದ್ಯಾ, ಮೆತ್ತಗಿದ್ಯಾ, ಚಟ್ನಿ ಇವತ್ತಿಂದಾ, ಅಷ್ಟು ಕೇಳ್ತೀವಿ.

4/5

ಬೆಂಗಳೂರಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಬೆಲೆ ಚೀಟಿ ನೋಡಿ ವೈನ್ ಅಳೆಯೋಕೇ ಆಗಲ್ಲ.

ವಿದೇಶಿ ವೈನ್ ಮೇಲೆ ಭಾರತದ ಆಮದು ಸುಂಕ ಬಹುಕಾಲ 150 ಶೇಕಡಾ ಇತ್ತು. 2022ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದ ಜಾರಿಗೆ ಬಂದಾಗ 5 ಡಾಲರ್‌ಗಿಂತ ಮೇಲಿನ ಬಾಟಲಿಗೆ ಅದು 100ಕ್ಕೆ, 15 ಡಾಲರ್‌ಗಿಂತ ಮೇಲಿನದಕ್ಕೆ 75ಕ್ಕೆ ಇಳೀತು, ಮುಂದೆ ಹಂತಹಂತವಾಗಿ ಇನ್ನೂ ಇಳಿಯೋ ಲೆಕ್ಕ. 5 ಡಾಲರ್ ಒಳಗಿನದಕ್ಕೆ ಆ ರಿಯಾಯಿತಿ ಇಲ್ಲ. ಸುಂಕದ ಮೇಲೆ ಸಾಗಣೆ, ರಾಜ್ಯದ ಅಬಕಾರಿ, ಆಮದುದಾರರ ಲಾಭ, ಅಂಗಡಿಯವರ ಲಾಭ. ರೆಸ್ಟೋರೆಂಟ್ ಆದ್ರೆ ಅದರ ಮೇಲೂ ಏರುತ್ತೆ.

ಇದರ ಅರ್ಥ ಏನು ಹೇಳಿ? ಅಂಗಡಿಯಲ್ಲಿ ಇರೋದ್ರಲ್ಲೇ ಅಗ್ಗದ ಫಾರಿನ್ ಶಾರ್ಡೊನೇ ತಗೊಂಡ್ರೆ ನಿಮ್ಮ ದುಡ್ಡಲ್ಲಿ ದ್ರಾಕ್ಷಿಗೆ ಹೋಗೋದು ಚಿಲ್ಲರೆ, ಉಳಿದಿದ್ದೆಲ್ಲ ಹಡಗಿಗೆ, ಸರ್ಕಾರಕ್ಕೆ. ಮೇಲಿಂದ ಅದು ಹಡಗಲ್ಲಿ ಎಷ್ಟು ಬಿಸಿ ಕಂಡಿದೆಯೋ, ಗೋದಾಮಿನಲ್ಲಿ ಎಷ್ಟು ಬೇಸಿಗೆ ಕಳೆದಿದೆಯೋ. ಅದೇ ದುಡ್ಡಿಗೆ ನಮ್ಮ ದೇಶದ್ದು ತಗೊಳ್ಳಿ ಅಂತ ನಾನು ಹೇಳೋದು ದೇಶಪ್ರೇಮಕ್ಕಲ್ಲ, ಲೆಕ್ಕಕ್ಕೆ. ಮಹಾರಾಷ್ಟ್ರದ ಅಕ್ಲೂಜ್ ಕಡೆ ಫ್ರಾಟೆಲ್ಲಿಯವರು ಶಾರ್ಡೊನೇ ಬೆಳೆದು ಬಾಟಲಿ ಮಾಡ್ತಾರೆ, ಅಂಥವು ನಮ್ಮಲ್ಲೂ ಸಿಗ್ತವೆ. ನಮ್ಮ ಬಿಸಿಲಲ್ಲಿ ಹುಳಿ ಬೇಗ ಇಳಿಯೋದ್ರಿಂದ ಹಿಂಬದಿಯ ಲೇಬಲ್‌ನಲ್ಲಿ ಬೆಳೆಯ ವರ್ಷ ನೋಡಿ, ತೀರಾ ಹೊಸದನ್ನೇ ತಗೊಳ್ಳಿ. ಓಕ್ ಇಲ್ಲದ್ದಾದ್ರೆ ಇನ್ನೂ ಒಳ್ಳೇದು. ಬಿಸಿಲು ಬೀಳೋ ಶೋಕೇಸಲ್ಲಿ ನಿಂತಿರೋ ಬಾಟಲಿ, ಎಷ್ಟೇ ಆಫರ್ ಇರ್ಲಿ, ಬೇಡ.

5/5

ಈ ವಾರದ ಬಾಟಲಿ: ನಮ್ಮ ದೇಶದ್ದೇ, ಓಕ್ ಇಲ್ಲ, ಸಾವಿರದ ಒಳಗೆ. ಹೆಸರು ಹಾಕಲ್ಲ. ಹಾಕಿದ್ರೆ ನಿಮ್ಮ ನಾಲಿಗೆಗಿಂತ ಮೊದಲು ತಲೆ ತೀರ್ಪು ಕೊಡುತ್ತೆ. 2008ರಲ್ಲಿ ಕ್ಯಾಲ್ಟೆಕ್‌ನ ಸಂಶೋಧಕರು ಒಂದೇ ವೈನನ್ನ ಎರಡು ಬೇರೆ ಬೆಲೆ ಹೇಳಿ ಕುಡಿಸಿ, ಮೆದುಳಿನ ಸ್ಕ್ಯಾನ್ ಮಾಡಿದ್ರು. ಜಾಸ್ತಿ ಬೆಲೆ ಹೇಳಿದಾಗ ರುಚಿ ಜಾಸ್ತಿ ಅಂದ್ರು ಜನ, ಸುಖ ಗುರುತಿಸೋ ಮೆದುಳಿನ ಭಾಗವೂ ಹೆಚ್ಚು ಚುರುಕಾಗಿತ್ತು. ಅಂದ್ರೆ ಅವರು ಸುಳ್ಳು ಹೇಳ್ತಿರಲಿಲ್ಲ!

ಬಣ್ಣ ತಿಳಿ ಹುಲ್ಲಿನ ಹಳದಿ. ಫ್ರಿಡ್ಜಿಂದ ತೆಗೆದ ತಕ್ಷಣ ವಾಸನೆ ಏನೂ ಇಲ್ಲ. ಇಲ್ಲೇ ಅಗ್ಗದ ವೈನ್ ಬಚಾವಾಗೋದು, ಚಳಿಯಲ್ಲಿ ಎಲ್ಲ ದೋಷವೂ ಮುಚ್ಚಿಹೋಗುತ್ತೆ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟೆ. ಗಜನಿಂಬೆ ಸಿಪ್ಪೆ, ಸೇಬು, ಸ್ವಲ್ಪ ಅನಾನಸ್. ಹುಳಿ ಸಾಕಷ್ಟಿದೆ, ಆದ್ರೆ ನುಂಗಿದ ಮೇಲೆ ರುಚಿ ಬೇಗ ಮಾಯ. ಈ ಬೆಲೆಗೆ ಅದನ್ನ ನಾನು ಕ್ಷಮಿಸ್ತೀನಿ. ಕ್ಷಮಿಸದೇ ಇರೋದು ಗಂಟಲಲ್ಲಿ ಸ್ಪಿರಿಟ್ ಘಾಟು, ಒದ್ದೆ ರಟ್ಟಿನ ವಾಸನೆ, ಅಂಟಂಟು ಸಿಹಿ. ಮೂರೂ ಇರಲಿಲ್ಲ. ಗ್ಲಾಸಿನ ತಳದಲ್ಲಿ ಪೂರ್ತಿ ಬೆಚ್ಚಗಾದ ಕೊನೆ ಗುಟುಕು ಕೂಡ ಕುಡಿಯೋ ಹಾಗೇ ಇತ್ತು. ಮಾರನೇ ದಿನ ಫ್ರಿಡ್ಜಲ್ಲಿದ್ದ ಅರ್ಧ ಬಾಟಲಿ ಸ್ವಲ್ಪ ಸೊರಗಿತ್ತು, ಕೆಟ್ಟಿರಲಿಲ್ಲ. ಕಾಣೆ ರವಾ ಫ್ರೈ ಜೊತೆ ಚೆನ್ನಾಗಿ ಹೊಂದಿಕೊಳ್ತು. ಕೋಳಿ ಸಾರಿನ ಖಾರದ ಮುಂದೆ ಸೋತಿತು.

ತೀರ್ಪು: ನನ್ನ ದುಡ್ಡಲ್ಲಿ ಮತ್ತೆ ತಗೊಳ್ತೀನಿ. ಇದಕ್ಕೆ ಮೂರು ಪಟ್ಟು ಬೆಲೆ ಹಾಕಿದ ಮೆನುವಿನಿಂದ ಗೆಸ್ಟ್‌ಗೆ ಶಿಫಾರಸು ಮಾಡಲ್ಲ, ಮ್ಯಾನೇಜರ್ ಕಣ್ಣು ಬಿಟ್ರೂ.

ನೀವು ನಾಲ್ಕು ಜನ ದುಡ್ಡು ಹಾಕಿ ತರೋದಾದ್ರೆ ಎರಡು ಬಾಟಲಿ ತನ್ನಿ, ಪೇಪರ್ ಸುತ್ತಿ. ಕುಡಿಯದೇ ಇರೋ ಒಬ್ಬರು ಮೂರು ಗ್ಲಾಸ್‌ಗೆ ಹಾಕಲಿ, ಎರಡರಲ್ಲಿ ಒಂದೇ ವೈನ್. ಬೇರೆ ಯಾವುದು ಅಂತ ಮೊದಲು ಕಂಡುಹಿಡೀರಿ, ಅಂಕ ಆಮೇಲೆ. ಗುಟುಕು ಉಗುಳೋಕೆ ಒಂದು ಮಗ್ ಇಟ್ಕೊಳ್ಳಿ, ನಾಚಿಕೆ ಬೇಡ. ವಾಪಸ್ ಹೋಗೋಕೆ ಆಟೋ. ಮೂರರಲ್ಲಿ ಬೇರೆಯದು ಯಾರ್ಯಾರಿಗೆ ಸಿಕ್ತು ಅಂತ ಕಾಮೆಂಟಲ್ಲಿ ಹಾಕಿ, ಬಾಟಲಿ ಹೆಸರು ಮಾತ್ರ ಬೇಡ.